ಗೀಟು ಅವರದು, ಬಣ್ಣ ನಿನ್ನದು

ಮೊಳಕಾಲ್ಮೂರು
21-11-2024, ಗುರುವಾರ

ಚಿ. ಸೌ. ಶ್ರೀವಾಣಿಗೆ ನಿನ್ನ ಅತ್ತೆ ತಿಪ್ಪಮ್ಮ ಮನಸಾರೆ ಹರಸಿ ಬರೆಯುವ ಕಾಗದ.

ನಾವು ಮೂವರೂ ಇಲ್ಲಿ ಗಟ್ಟಿಯಾಗಿದ್ದೇವೆ. ನಿನ್ನ ವಿಷಯ ಕೇಳಿದರೆ ಅಶ್ವಥ್ ಪ್ರತಿಸಲವೂ ಚಳ್ಳಕೆರೆಯಿಂದ ಬಂದು, "ಪರವಾಗಿಲ್ಲವ್ವ, ಅದಾಳೆ" ಅನ್ನುತ್ತಾನೆ. ಗಂಡಸರ 'ಪರವಾಗಿಲ್ಲ'ದಲ್ಲಿ ಏನು ತಿಳಿಯುತ್ತದೆ ಹೇಳು. ನೀನು ಹೊಟ್ಟೆ ತುಂಬ ಉಣ್ಣುತ್ತಿದ್ದೀಯೋ, ನಿದ್ದೆ ಸರಿಯಾಗಿ ಬರುತ್ತಿದೆಯೋ ಅದನ್ನು ಅವನು ಹೇಳುವುದಿಲ್ಲ, ನನಗೆ ಕೇಳಲು ಬರುವುದಿಲ್ಲ.

ನೀನು ತವರಿಗೆ ಹೋಗಿ ನಾಲ್ಕು ತಿಂಗಳ ಮೇಲಾಯಿತು. ಇಷ್ಟು ದಿನ ಬರೆಯದಿದ್ದದ್ದು ತಪ್ಪೇ. ಮೂರು ಸಲ ಕೂತೆ, ಮೂರು ಸಲವೂ 'ಚಿ. ಸೌ. ಶ್ರೀವಾಣಿಗೆ' ಎಂದು ಬರೆದು ಎದ್ದೆ. ಫೋನಿನಲ್ಲಾದರೆ "ಊಟ ಆಯ್ತಾ ಅತ್ತೆ?", "ಆಯ್ತಮ್ಮ, ನಿಂದು?" ಇಷ್ಟಕ್ಕೇ ನಮ್ಮಿಬ್ಬರ ಮಾತು ಮುಗಿದುಹೋಗುತ್ತದೆ. ಮನೆಯಲ್ಲಿ ನಾವು ಆಡುವುದು ತೆಲುಗಾದರೂ ನನಗೆ ಬರೆಯಲು ಬರುವುದು ಕನ್ನಡ ಒಂದೇ. ಹತ್ತನೇ ತರಗತಿಯಲ್ಲಿ ನನ್ನ ಅಕ್ಷರಕ್ಕೆ ಮೇಷ್ಟ್ರು 'ಚೆನ್ನಾಗಿದೆ' ಎಂದು ಕೆಂಪು ಮಸಿಯಲ್ಲಿ ಬರೆದಿದ್ದರು. ಆಮೇಲೆ ಮಗ್ಗಕ್ಕೆ ಕೂತವಳು ಪೆನ್ನು ಹಿಡಿದದ್ದು ಕಡಿಮೆ. ಅಕ್ಷರ ಡೊಂಕಾಗಿದ್ದರೆ ನಗಬೇಡ. ನಕ್ಕರೂ ಸರಿಯೇ, ನಗು.

ಮನೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮಾವನ ಮಂಡಿನೋವು ಈಗ ಹಗುರ. ಮಗ್ಗದ ಗುಂಡಿಗೆ ಇಳಿಯುವಾಗ ಮಾತ್ರ "ಅಮ್ಮಾ" ಅನ್ನುತ್ತಾರೆ. ಮೇಲೆ ಬಂದ ಮೇಲೆ ಕೇಳಿದರೆ, "ನಾನ್ಯಾವಾಗ ಅಂದೆ?" ಅಂತ ನನಗೇ ಜೋರು ಮಾಡುತ್ತಾರೆ. ಅಶ್ವಥ್ ಹೋದ ವಾರ ಒಂದು ಹಾಸಿನ ಸೀರೆ ಮುಗಿಸಿದ. ಬದನೆಕಾಯಿ ಬಣ್ಣದ ಮೈ, ಸಾಸಿವೆ ಹೂವಿನ ಬಣ್ಣದ ಅಂಚು. ಮಗ್ಗದಿಂದ ಇಳಿಸಿ ಹಾಸಿದಾಗ ಪಕ್ಕದ ಮನೆ ಬೊಮ್ಮಕ್ಕ ಬಂದು ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ದೀಪಾವಳಿಗೆ ನಾನು ಹೋಳಿಗೆ ಮಾಡಲಿಲ್ಲ. ಬೊಮ್ಮಕ್ಕನೇ ನಾಲ್ಕು ತಂದು ಕೊಟ್ಟಳು, ಅದರಲ್ಲಿ ಎರಡು ಹಾಗೇ ಉಳಿದವು.

ಈಗ ನಾನು ಮಾಡಿದ ಕೆಲಸ ಹೇಳುತ್ತೇನೆ. ಕೋಪ ಮಾಡಿಕೊಳ್ಳದೆ ಓದು. ನಾನು ನಿನ್ನ ಟ್ಯಾಬ್ ಮುಟ್ಟಿದೆ. ಮುಟ್ಟಿದ್ದಷ್ಟೇ ಅಲ್ಲ, ಅದರಲ್ಲಿ ಬಣ್ಣ ತುಂಬುವುದನ್ನು ಕಲಿತೆ. ಅರವತ್ತೊಂದನೇ ವಯಸ್ಸಿನಲ್ಲಿ, ಈ ಲಾಳಿ ಎಸೆದ ಕೈಯಲ್ಲಿ, ನಿನ್ನ ಅತ್ತೆ ಗಾಜಿನ ಮೇಲೆ ಬಣ್ಣ ತುಂಬುತ್ತಾಳೆ ಅಂದರೆ ನಂಬುತ್ತೀಯಾ?

ಆದದ್ದು ಹೀಗೆ. ನೀನು ಅದನ್ನು ಟವಲಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟು ಹೋದೆಯಲ್ಲ. ಅಶ್ವಥ್ ವಾರಕ್ಕೊಂದು ಸಲ ಕೆಳಗಿಳಿಸಿ ಚಾರ್ಜಿಗೆ ಹಾಕುತ್ತಿದ್ದ. "ಯಾಕೋ?" ಅಂದರೆ, "ಬಂದಾಗ ಬೇಕಾಗ್ತದವ್ವ" ಅನ್ನುತ್ತಿದ್ದ. ಆಗಸ್ಟ್ ತಿಂಗಳಲ್ಲಿ ಒಂದು ಮಧ್ಯಾಹ್ನ ಅಪ್ಪ ಮಗ ಇಬ್ಬರೂ ರೇಷ್ಮೆ ತರಲು ಹೋಗಿದ್ದರು. ಟ್ಯಾಬ್ ಒಂದೇ ಸಮನೆ ಬಡಿದುಕೊಂಡಿತು. ಹಸಿರು ಗುಂಡಿ ಒತ್ತಿದೆ. ಒಬ್ಬ ಹುಡುಗಿಯ ಮುಖ ಬಂತು.

"ಶ್ರೀವಾಣಿ ಅಕ್ಕಾ, ಎಲ್ಲಿ ಹೋಗಿಬಿಟ್ರಿ ನೀವು!" ಅಂದವಳು ನನ್ನ ಮುಖ ನೋಡಿ ಬೆಚ್ಚಿದಳು.

"ನಾನು ಅವಳ ಅತ್ತೆ ಕಣಮ್ಮ. ನೀನ್ಯಾರು?"

ದಾವಣಗೆರೆಯ ಶಿಲ್ಪ ಅಂದಳು. ನಿನಗೆ ಗೀಟಿನ ಚಿತ್ರ ಕಳಿಸುವ ಹುಡುಗಿ. ಏಳು ತಿಂಗಳಿಗೆ ಮಗು ಹೋದದ್ದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿದಾಗ ಸ್ವಲ್ಪ ಹೊತ್ತು ಮುಖ ಆಚೆ ಮಾಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: ಆರು ಚಿತ್ರಗಳ ಒಂದು ಕಟ್ಟು, ನೀನು ನಾಲ್ಕಕ್ಕೆ ಬಣ್ಣ ತುಂಬಿ ಕೊಟ್ಟಿದ್ದೀಯ, ಇನ್ನೆರಡು ಬಾಕಿ, ಸೆಪ್ಟೆಂಬರ್ ಕೊನೆಗೆ ಬೇಕು. "ಅಕ್ಕನಿಗೆ ಆಗದಿದ್ರೆ ಚಿಂತೆ ಇಲ್ಲಮ್ಮ, ಬೇರೆಯೋರಿಗೆ ಕೊಡ್ತೀನಿ. ಆದ್ರೆ ಆರೂ ಒಂದೇ ಕೈಯಲ್ಲಿ ಬಂದಂಗೆ ಕಾಣ್ಬೇಕು. ಅಕ್ಕನ ಹೆಸರು ಹಾಕಿ ಇಟ್ಟಿರೋ ಆ ನಾಲ್ಕನ್ನೂ ತೆಗೀಬೇಕಾಗ್ತದೆ."

"ಅವಳ ಹೆಸರು?"

"ಹೆಸರೂ ಅಷ್ಟೆ ಅಮ್ಮ."

ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನಿನಗೊಂದು ಹೆಸರಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನೀನು ಮಗ್ಗದ ಕೋಣೆಯ ಕಿಟಕಿ ಪಕ್ಕ ಕಾಲು ಮಡಚಿ ಕೂತು ಗಾಜಿನ ಮೇಲೆ ಗೀಚುವಾಗ ನಾನು ಏನು ಅನ್ನುತ್ತಿದ್ದೆ, ನಿನಗೆ ನೆನಪಿರುತ್ತದೆ. "ಗೀಟು ಯಾರೋ ಎಳೆದದ್ದು. ಅದಕ್ಕೆ ಬಣ್ಣ ಬಳಿಯೋದೂ ಒಂದು ಕೆಲ್ಸನಾ? ಅಂಗನವಾಡಿ ಮಕ್ಕಳು ಮಾಡ್ತಾವೆ." ನೀನು ನಕ್ಕು ಮತ್ತೆ ಬಗ್ಗಿ ಗೀಚುತ್ತಿದ್ದೆ. ಆ ದಿನ ಶಿಲ್ಪಳಿಗೆ ನಾನು ಅದೇ ಮಾತನ್ನು ಕೇಳಿದೆ, ತಿಳಿದುಕೊಳ್ಳೋಣ ಅಂತ. ಆ ಹುಡುಗಿ ಬೇಸರ ಮಾಡಿಕೊಳ್ಳದೆ ಹೇಳಿದಳು. "ಮುಂಚೆ ರಬ್ಬರ್ ಅಚ್ಚು ಒತ್ತಿ ಕಾಗದದ ಮೇಲೆ ಚಿತ್ರ ಮೂಡಿಸ್ತಿದ್ರು ಅಮ್ಮ. ಈಗ ಆ ಅಚ್ಚೇ ಕಂಪ್ಯೂಟರಿನೊಳಗೆ ಬಂದೈತೆ, ಅದಕ್ಕೇ ಡಿಜಿಟಲ್ ಸ್ಟ್ಯಾಂಪ್ ಅನ್ನೋದು. ನಾನು ಬರೀ ಕಪ್ಪು ಗೀಟು ಎಳೀತೀನಿ. ಕೊಂಡೋರು ತಮಗೆ ಬೇಕಾದ ಬಣ್ಣ ತುಂಬಿ ಕಾರ್ಡು ಮಾಡ್ಕೊಳ್ತಾರೆ. ಆದ್ರೆ ಬರೀ ಗೀಟು ನೋಡಿ ಯಾರು ಕೊಳ್ತಾರೆ? ನಿಮ್ಮ ಸೊಸೆ ಬಣ್ಣ ತುಂಬಿದ್ದನ್ನ ತೋರಿಸ್ತೀನಿ, ಅದನ್ನ ನೋಡಿ ಕೊಳ್ತಾರೆ. ನನ್ನ ಗೀಟಿಗೆ ಜೀವ ಬರೋದು ಅಕ್ಕನ ಕೈಯಲ್ಲೇ."

ನನ್ನ ಸೊಸೆಯ ಕೈ! ಅವಳು ಹಾಗಂದಾಗ ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು.

ಅಶ್ವಥನಿಗೆ ಹೇಳಿದೆ. ಅವನು ನಿನಗೆ ಫೋನು ಮಾಡಿದ. "ಅವ್ವ ಅದನ್ನ ಮುಟ್ಟಬೋದಾ?" ಅಂತ ಕೇಳಿದ್ದಕ್ಕೆ ನೀನು, "ಏನಾದ್ರೂ ಮಾಡ್ಕೊಳ್ಳಿ, ನಂಗೆ ಬೇಡ ಅದು" ಅಂದೆಯಂತೆ. ಅದನ್ನೇ ನಾನು ಅಪ್ಪಣೆ ಅಂದುಕೊಂಡೆ. ಮಾರನೇ ದಿನ ಶಿಲ್ಪಳಿಗೆ ನಾನೇ ಕರೆ ಮಾಡಿ, "ಹೆಸರು ತೆಗೀಬೇಡ ಕಣಮ್ಮ. ಆ ಎರಡನ್ನ ನಾನು ಮಾಡ್ಕೊಡ್ತೀನಿ, ಕಲ್ಸು" ಅಂದೆ. ಅವಳು ನಗಲಿಲ್ಲ. ಆ ಕಾರಣಕ್ಕೇ ನನಗೆ ಆ ಹುಡುಗಿ ಹಿಡಿಸಿದಳು.

ನಕ್ಕವರು ನಿಮ್ಮ ಮಾವ. ನಾನು ಟ್ಯಾಬ್ ತೊಡೆಯ ಮೇಲಿಟ್ಟುಕೊಂಡು ಕೂತದ್ದು ನೋಡಿ, "ಏಮೇ, ಈ ವಯಸ್ಸುಲೋ ಬೊಮ್ಮಲಾ?" ಅಂದರು. ಈ ವಯಸ್ಸಿನಲ್ಲಿ ಗೊಂಬೆಗಳಾ ಅಂತ. "ನೀವು ಈ ವಯಸ್ಸಿನಲ್ಲಿ ಬೀಡಿ ಬಿಟ್ಟಿಲ್ಲ, ನಾನು ಇದನ್ನ ಹಿಡಿದ್ರೆ ತಪ್ಪಾ?" ಅಂದೆ. ಬೀಡಿ ಹಚ್ಚಿಕೊಂಡು ಹೊರಗೆ ಎದ್ದುಹೋದರು.

ಮೊದಲ ದಿನವೇ ಪೆಟ್ಟು ತಿಂದೆ. ಕುರಿ ಮತ್ತು ಮರಿಯ ಚಿತ್ರ, ಹಸಿರು ಹುಲ್ಲು ತುಂಬಿದರೆ ಗೀಟೇ ಮುಚ್ಚಿಹೋಯಿತು. ಕುರಿಯ ಕಾಲಿಲ್ಲ, ಮರಿಯ ಮುಖವಿಲ್ಲ. ಶಿಲ್ಪ ಹೇಳಿದಳು, "ಅಮ್ಮಾ, ಗೀಟಿನ ಮೇಲೇ ಬಣ್ಣ ಹಾಕಿದೀರಿ. ಗೀಟು ಒಂದು ಪದರ. ಅದಕ್ಕೆ ಬೀಗ ಹಾಕಿ. ಅದರ ಕೆಳಗೆ ಇನ್ನೊಂದು ಪದರ ಮಾಡಿ ಅಲ್ಲಿ ತುಂಬ್ರಿ." ಗಾಜಿನೊಳಗೆ ಒಂದರ ಕೆಳಗೊಂದು ತೆಳ್ಳನೆ ಬಟ್ಟೆ ಹಾಸಿದ ಹಾಗೆ ಅಂದುಕೊಂಡ ಮೇಲೆ ತಿಳಿಯಿತು. ಆಮೇಲೆ ಆ ಮಾರ್ಕರುಗಳು. ಕೈಯಲ್ಲಿ ಇರುವುದು ಒಂದೇ ಬಿಳಿ ಪೆನ್ನು, ಗಾಜಿನೊಳಗೆ ಒಂದು ಬದಿಗೆ ನೂರಾರು ಮಾರ್ಕರು! ಒಂದು ಸಲ ಎಳೆದರೆ ತಿಳಿ, ಅದರ ಮೇಲೆ ಇನ್ನೊಂದು ಸಲ ಎಳೆದರೆ ಗಾಢ, ಮೂರನೆಯ ಸಲಕ್ಕೆ ನೆರಳು. ನನ್ನ ಕೈ ಮಗ್ಗಕ್ಕೆ ಪಳಗಿದ ಕೈ, ಮೊದಲು ಒತ್ತಿ ಒತ್ತಿ ಎಳೆದೆ. ಗಾಜು ಒಡೆಯುತ್ತದೇನೋ ಅಂತ ಅಶ್ವಥ್ ಹೆದರಿದ್ದ.

ಎರಡನೇ ವಾರ ಒಂದು ಸಂಗತಿ ಆಯಿತು. ಇನ್ನೊಂದು ಚಿತ್ರ ಕೊಡೆ ಹಿಡಿದ ಹುಡುಗಿಯದು. ಅವಳ ಲಂಗಕ್ಕೆ ಮೊದಲು ಕುಂಕುಮದ ಬಣ್ಣವನ್ನು ಉದ್ದಕ್ಕೆ ಎಳೆದೆ. ಸಪ್ಪೆ ಅನ್ನಿಸಿತು. ಕೈ ತಾನಾಗಿ ಮಗ್ಗದ ಲೆಕ್ಕಕ್ಕೆ ಹೋಯಿತು. ಉದ್ದದ ಹಾಸು ಕೆಂಪಾದರೆ ಅಡ್ಡದ ಹೊಕ್ಕು ಹಸಿರು ಹೊಡೆಯುತ್ತೇವಲ್ಲ, ಹಾಗೆ ಹಸಿರು ಮಾರ್ಕರನ್ನು ಅಡ್ಡಡ್ಡ, ತೆಳ್ಳಗೆ ಎಳೆದೆ. ಲಂಗ ರೇಷ್ಮೆಯಾಗಿಬಿಟ್ಟಿತು ವಾಣಿ! ಮಡಿಕೆಯ ಒಳಗೆ ಹಸಿರು, ಉಬ್ಬಿನ ಮೇಲೆ ಕೆಂಪು. ನಾನು ಕೂಗಿದ ಕೂಗಿಗೆ ನಿಮ್ಮ ಮಾವ ಮಂಡಿನೋವು ಮರೆತು ಗುಂಡಿಯಿಂದ ಎದ್ದು ಬಂದರು. ಬಹಳ ಹೊತ್ತು ನೋಡಿದರು. "ಅಂಚು ಇನ್ನೊಂಚೂರು ದಪ್ಪ ಇರ್ಲಿ" ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಶಿಲ್ಪಳಿಗೆ ಕಳಿಸಿ, ನಾನೇ ಹೊಸದೇನೋ ಕಂಡುಹಿಡಿದವಳ ಹಾಗೆ ಬೀಗಿದೆ. ಅವಳು, "ಅಮ್ಮಾ, ಇದು ಅಕ್ಕನ ಕೈಚಳಕ. ಅಕ್ಕ ಮೊದಲಿಂದ್ಲೂ ಹಿಂಗೇ ಮಾಡೋದು. ಹಳೇ ಚಿತ್ರ ನೋಡಿಲ್ವಾ?" ಅಂದಳು. ಆವತ್ತು ಕೂತು ನಿನ್ನ ಚಿತ್ರಗಳನ್ನೆಲ್ಲ ತೆಗೆದು ನೋಡಿದೆ. ಮುನ್ನೂರರ ಮೇಲಿವೆ. ದಾಳಿಂಬೆ ಕುಕ್ಕುವ ಗಿಳಿ, ಗೋಡೆಯ ಮೇಲಿನ ನವಿಲು, ಕೆರೆಯ ತಾವರೆ, ನೂಲು ಸುತ್ತುವ ಮುದುಕಿ. ಎಲ್ಲದರಲ್ಲೂ ಉದ್ದಕ್ಕೊಂದು ಬಣ್ಣ, ಅಡ್ಡಕ್ಕೊಂದು ಬಣ್ಣ. ನೀನು ನಮ್ಮ ಮಗ್ಗದ ಪಕ್ಕ ಕೂತು ಸುಮ್ಮನೆ ಗೀಚುತ್ತಿರಲಿಲ್ಲ, ಮಗ್ಗವನ್ನೇ ಓದುತ್ತಿದ್ದೆ. ನಲವತ್ತು ವರ್ಷ ನಾನು ನೇಯ್ದದ್ದನ್ನು ನೀನು ಮೂರು ವರ್ಷದಲ್ಲಿ ಕಣ್ಣಲ್ಲೇ ಕಲಿತುಬಿಟ್ಟೆ. ಟ್ಯಾಬಿನೊಳಗಿನ ನಿನ್ನ ಬಣ್ಣದ ಪೆಟ್ಟಿಗೆಗಳಿಗೆ ನೀನು ಇಟ್ಟ ಹೆಸರುಗಳನ್ನೂ ನೋಡಿದೆ. 'ಮಾವನ ಹಾಸು', 'ಬೊಮ್ಮಕ್ಕನ ಬಾಗಿಲು', 'ಅತ್ತೆಯ ಮದುವೆ ಸೀರೆ'. ನನ್ನ ಮದುವೆ ಸೀರೆಯನ್ನು ನಿನಗೆ ಒಂದೇ ಒಂದು ಸಲ ತೋರಿಸಿದ್ದೆ, ನೀನು ಈ ಮನೆಗೆ ಬಂದ ವರ್ಷ. ಅದರ ಅರಿಶಿನ, ಅದರ ಮೆಂತ್ಯದ ಹಸಿರು, ಮಾಸಿದ ಜರಿ, ಎಲ್ಲ ಸರಿಯಾಗಿ ಹಿಡಿದಿಟ್ಟಿದ್ದೀಯ. ಸೀರೆ ತಂದು ಪಕ್ಕದಲ್ಲಿಟ್ಟು ನೋಡಿದೆ.

ಇನ್ನೊಂದು ಹೇಳಬೇಕು. ಕಟ್ಟಿಗೆ ಸೇರದ ಒಂದು ಚಿತ್ರವೂ ಅಲ್ಲಿತ್ತು. ತೊಟ್ಟಿಲಿನದು. ಮೇಲೆ ತೂಗುಬಿಟ್ಟ ಗಿಳಿಗೆ ಮಾತ್ರ ನೀನು ಬಣ್ಣ ಹಾಕಿದ್ದೆ. ಅದನ್ನು ನಾನು ಮುಟ್ಟಲಿಲ್ಲ, ಯಾರಿಗೂ ತೋರಿಸಲಿಲ್ಲ. ನೀನು ಬಿಟ್ಟ ಹಾಗೇ ಇದೆ.

ಆ ಎರಡು ಚಿತ್ರಗಳನ್ನು ಹನ್ನೊಂದು ಸಲ ಮಾಡಿದೆ. ನಿನ್ನ ನಾಲ್ಕರ ಪಕ್ಕ ಇಟ್ಟಾಗ ಬೇರೆ ಕಾಣಬಾರದು ಎಂಬ ಹಟ. ಬೆಳಿಗ್ಗೆ ಅಡುಗೆ ಮುಗಿಸಿ, ಎರಡು ಗಂಟೆ ಮಗ್ಗಕ್ಕೆ ಕೈ ಹಚ್ಚಿ, ಮಧ್ಯಾಹ್ನ ನೀನು ಕೂರುತ್ತಿದ್ದ ಜಾಗದಲ್ಲೇ ಕೂರುತ್ತಿದ್ದೆ. ಅಲ್ಲಿ ಬೆಳಕು ಎಷ್ಟು ಚೆನ್ನಾಗಿ ಬೀಳುತ್ತದೆ! ಸೆಪ್ಟೆಂಬರ್ ಇಪ್ಪತ್ತೇಳಕ್ಕೆ ಕಳಿಸಿದೆ. ಶಿಲ್ಪ, "ಯಾವುದು ಅಕ್ಕಂದು, ಯಾವುದು ನಿಮ್ದು ನಂಗೇ ಗೊತ್ತಾಗ್ತಿಲ್ಲಮ್ಮ" ಅಂದಳು. ನನಗೆ ಗೊತ್ತಾಗುತ್ತದೆ. ನಿನ್ನ ಗೆರೆ ಉಸಿರು ಬಿಟ್ಟ ಹಾಗೆ ಹಗುರ, ನನ್ನದು ಲಾಳಿ ಎಸೆದ ಹಾಗೆ. ಆದರೂ ಅವಳು ಒಪ್ಪಿದಳು. ಹೆಸರು ಹೇಗೆ ಹಾಕಲಿ ಅಂದಾಗ, "ಅವಳದ್ದು ಮೊದ್ಲು. ಅದರ ಕೆಳಗೆ ಜಾಗ ಇದ್ರೆ ನಂದು" ಅಂದೆ.

ಅಕ್ಟೋಬರಿನಲ್ಲಿ, ದೀಪಾವಳಿಗೆ ಮುಂಚಿನ ವಾರ, ಚಳ್ಳಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಹೆಣ್ಣುಮಕ್ಕಳ ಸಂಘಗಳವರ ಮೇಳ ಇತ್ತು. ಬೊಮ್ಮಕ್ಕನ ಸಂಘದವರು ಸೀರೆ ಇಡಲು ಒಂದು ಮೇಜು ತೆಗೆದುಕೊಂಡಿದ್ದರು. ಅರ್ಧ ಮೇಜು ನನಗೆ ಕೊಟ್ಟರು. ಶಿಲ್ಪ ಆರು ಚಿತ್ರಗಳನ್ನೂ ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿ ಬಸ್ಸಿನಲ್ಲಿ ಕಳಿಸಿದ್ದಳು. ಅಶ್ವಥ್ ರಟ್ಟಿನ ಮೇಲೆ ದೊಡ್ಡದಾಗಿ 'ಬಣ್ಣ: ಶ್ರೀವಾಣಿ, ಮೊಳಕಾಲ್ಮೂರು' ಎಂದು ಬರೆದುಕೊಟ್ಟ. ಅದನ್ನು ಬಸ್ಸಿನಲ್ಲಿ ಹಾನಗಲ್ಲು, ತಳಕು ದಾಟಿ ಚಳ್ಳಕೆರೆಯವರೆಗೂ ಎದೆಗೆ ಒತ್ತಿಕೊಂಡು ಹೋದೆ, ಮಡಚಿಹೋದೀತು ಅಂತ. ಕಂಡಕ್ಟರು, "ಏನಮ್ಮಾ, ಎಲೆಕ್ಷನ್‌ಗೆ ನಿಂತಿದೀರಾ?" ಅಂದ. "ನಮ್ಮ ಸೊಸೆ ನಿಂತವ್ಳೆ" ಅಂದೆ.

ಮೊದಲ ದಿನ ಒಬ್ಬ ಕನ್ನಡಕದ ಯಜಮಾನರು ಬಂದರು. ನವಿಲಿನ ಕಾರ್ಡು ಎತ್ತಿ ನೋಡಿ, "ಚಿತ್ರ ಬರ್ದಿದ್ದು ನೀವಾ?" ಅಂದರು.

"ಇಲ್ಲ ಸ್ವಾಮಿ. ಗೀಟು ಎಳೆದಿದ್ದು ದಾವಣಗೆರೆ ಹುಡುಗಿ. ಬಣ್ಣ ನನ್ನ ಸೊಸೇದು."

"ಓ, ಬರೀ ಬಣ್ಣ ತುಂಬೋದಾ! ಅದೇನು ದೊಡ್ಡ ವಿದ್ಯೆ? ಮಕ್ಕಳು ಮಾಡ್ತಾವಲ್ಲ."

ನನ್ನ ಮಾತೇ ವಾಣಿ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ನನ್ನ ಮಾತೇ ಅವರ ಬಾಯಲ್ಲಿ. ಮೈ ಉರಿಯಿತು. ಉಟ್ಟಿದ್ದ ಸೀರೆಯ ಸೆರಗನ್ನು ಅವರ ಮುಂದೆ ಹಿಡಿದೆ. "ನೋಡ್ರಿ ಸ್ವಾಮಿ. ಈ ಸೆರಗಿನ ಹಂಸ, ಈ ಮಾವಿನಕಾಯಿ, ಒಂದೂ ನಾನು ಬರ್ದಿದ್ದಲ್ಲ. ನೇಯೋ ಚಿತ್ರಕ್ಕೆ ಗ್ರಾಫು ಬರೆಯೋರು ಬೇರೆ. ನಲವತ್ತು ವರ್ಷ ನಾನು ಬೇರೇರ ಗೀಟಿಗೇ ಬಣ್ಣ ತುಂಬಿದೀನಿ. ಹಂಗಾದ್ರೆ ಮೊಳಕಾಲ್ಮೂರಿನ ನೇಕಾರರಿಗೆಲ್ಲ ವಿದ್ಯೆ ಇಲ್ಲ ಅನ್ರಿ." ಬೊಮ್ಮಕ್ಕ ನನ್ನ ಸೊಂಟ ಚಿವುಟಿದಳು. ನಾನು ನಿಲ್ಲಿಸಲಿಲ್ಲ. ಸುತ್ತ ಹತ್ತು ಜನ ಸೇರಿದರು.

ಪಕ್ಕದ ಮೇಜಿನಲ್ಲಿ ಉಳ್ಳಾರ್ತಿ ಕಡೆಯ ಗಾದ್ರಪ್ಪ ಅನ್ನುವವರು ಕಂಬಳಿ ಇಟ್ಟುಕೊಂಡಿದ್ದರು. ಹೆಂಡತಿಯ ಸಂಘದ ಸರಕು, ಇವರದು ಕಾಯುವ ಕೆಲಸ. ಎಪ್ಪತ್ತರ ಮೇಲಿನ ವಯಸ್ಸು. ಅವರು ನಗುತ್ತಾ ಎದ್ದು ಬಂದು ಹೇಳಿದರು, "ಮಾತೇನೋ ಸರಿ ಐತೆ ತಾಯಿ. ಆದ್ರೆ ಈ ಕುರಿ ತಪ್ಪೈತೆ."

ಅದು ನಾನು ಮಾಡಿದ ಕುರಿ. ಬೆಳ್ಳಗೆ, ಅರಳೆಯ ಉಂಡೆಯ ಹಾಗೆ ಮಾಡಿದ್ದೆ.

"ಏನು ತಪ್ಪು?"

"ಇದು ಯಾವ ಸೀಮೆ ಕುರಿ? ಮಂದೆ ಮೇಯೋ ನಮ್ಮ ಕಾವಲಿನಾಗೆ ಕುರಿ ಅಂದ್ರೆ ಕರೇವು. ಕಂಬ್ಳಿ ನೋಡು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಚೀಲದಿಂದ ಟ್ಯಾಬ್ ತೆಗೆದೆ. ಗೀಟಿನ ಪದರಕ್ಕೆ ಬೀಗ ಹಾಕಿ, ಬಿಳಿಯ ಬಣ್ಣ ಅಳಿಸಿ, ಅಷ್ಟು ಜನರ ಎದುರಿಗೇ ಶುರುಮಾಡಿದೆ. ಬರೀ ಕಪ್ಪು ತುಂಬಿದರೆ ಕುರಿ ಮಸಿಯ ಕಲೆಯ ಹಾಗೆ ಕಾಣುತ್ತದೆ ಎಂಬುದು ನಿನ್ನ ಚಿತ್ರಗಳಿಂದ ಕಲಿತದ್ದು. ಅದಕ್ಕೇ ಮೊದಲು ಗಾಢ ಕಂದು, ಅದರ ಮೇಲೆ ನೀಲಿ ಬೆರೆತ ಕಪ್ಪು, ಉಣ್ಣೆ ಸುರುಳಿಗಟ್ಟಿದ ಕಡೆಗೆ ಇನ್ನೊಂದು ಸಲ. ಗಾದ್ರಪ್ಪ ನನ್ನ ಭುಜದ ಮೇಲಿಂದ ಬಗ್ಗಿ ಹೇಳುತ್ತಲೇ ಇದ್ದರು. "ಬೆನ್ನ ಮೇಲೆ ಬಿಸ್ಲಿಗೆ ಉಣ್ಣೆ ತುದಿ ಕೆಂಪಾಗಿರ್ತದೆ ನೋಡು. ಹಾಂ, ಅಲ್ಲಿ. ಮರೀಗೆ ಬ್ಯಾಡ, ಮರಿ ಇನ್ನೂ ಬಿಸ್ಲು ಕಂಡಿಲ್ಲ." ಇಟ್ಟಿಗೆ ಬಣ್ಣದ ಮಾರ್ಕರಿನಲ್ಲಿ ಬೆನ್ನಿನ ಮೇಲೆ ತೆಳ್ಳಗೆ ನಾಲ್ಕು ಗೆರೆ ಎಳೆದೆ. ಅವರು ದೂರ ನಿಂತು ನೋಡಿದರು, ಹತ್ತಿರ ಬಂದು ನೋಡಿದರು. "ಈಗ ಸರಿಯಾತು. ಇದನ್ನ ಮಂದೆಗೆ ಹೊಡ್ಕೊಂಡು ಹೋಗಬೋದು" ಅಂದರು. ಜನ ಚಪ್ಪಾಳೆ ಹೊಡೆದರು. ಆ ಕನ್ನಡಕದ ಯಜಮಾನರೂ ಅಲ್ಲೇ ಇದ್ದರು. ಹೋಗುವಾಗ ನವಿಲಿನ ಕಾರ್ಡು ಕೊಂಡು, "ನಿಮ್ಮ ಸೊಸೆಗೆ ಹೇಳ್ರಿ, ಬಣ್ಣ ಬಹಳ ಚೆನ್ನಾಗೈತೆ" ಅಂದರು. ಹೇಳಿದ್ದೇನೆ.

ಮೂರನೇ ದಿನಕ್ಕೆ ಒಂದು ಕಾರ್ಡೂ ಉಳಿಯಲಿಲ್ಲ. ಈ ತಿಂಗಳು ಶಿಲ್ಪ ಕಟ್ಟನ್ನು ಮಾರಾಟಕ್ಕೆ ಬಿಟ್ಟಿದ್ದಾಳೆ. ಬಿಳಿ ಕುರಿ ತೆಗೆದು ಕರೀ ಕುರಿಯನ್ನೇ ಹಾಕಿದ್ದಾಳೆ. ಕೊಚ್ಚಿಯ ಒಬ್ಬಾಕೆ ಅದನ್ನು ಕೊಂಡು, ನಮ್ಮದನ್ನೇ ನೋಡಿ ಬೆನ್ನಿನ ಕೆಂಪನ್ನೂ ಬಿಡದೆ ತುಂಬಿ ಕಳಿಸಿದ್ದಾಳಂತೆ. ಉಳ್ಳಾರ್ತಿ ಕಾವಲಿನ ಬಿಸಿಲು ಸಮುದ್ರದ ದಂಡೆಗೆ ಹೋಯಿತು ನೋಡು. ಕೆಳಗೆ ನಿನ್ನ ಹೆಸರು ಮೊದಲಿದೆ, ನನ್ನದು ಆಮೇಲೆ. ಅದನ್ನು ಅಶ್ವಥ್ ಫೋನಿನಲ್ಲಿ ತೋರಿಸಿದಾಗ ನಿಮ್ಮ ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ನಮ್ಮ ಮನೇಲಿ ಇಬ್ರ ಹೆಸರು ಅಚ್ಚಾಗೈತೆ, ಇಬ್ರೂ ಹೆಂಗಸರೇ" ಅಂತ ಬೀದಿಗೆಲ್ಲ ಹೇಳಿಕೊಂಡು ಬಂದರು.

ಮೇಳದ ಎರಡನೇ ದಿನ ನಿನ್ನವ್ವ ರೇಣುಕಮ್ಮನವರು ಬಂದಿದ್ದರು. ಯಾರೋ ನಿನ್ನ ಹೆಸರಿನ ಬೋರ್ಡು ನೋಡಿ ಹೇಳಿದರಂತೆ. ಮಾತಾಡಿಸಿದರು. "ಮನೆಗೆ ಬರ್ರಿ, ಎರಡೇ ಬೀದಿ ಆಚೆ" ಎಂದು ಬಹಳ ಕರೆದರು. ಮೇಜು ಬಿಟ್ಟು ಬರಲಾಗದು, ಮುಜುಗರ ಅಂತ ಏನೋ ಹೇಳಿದೆ. "ಕಿಟಕಿ ಹತ್ರ ಕೂತಿರ್ತಾಳೆ ರೀ. ಒಂದು ಪೆನ್ನೂ ಮುಟ್ಟಲ್ಲ" ಅಂದರು. ತಾವರೆಯ ಕಾರ್ಡು ಒಂದನ್ನು ಅವರ ಕೈಗೆ ಕೊಟ್ಟೆ. ನಿನ್ನ ಕೈ ಸೇರಿರಬೇಕು.

ಭಾನುವಾರ ಅಶ್ವಥ್ ಬರುತ್ತಾನೆ. ಅವನ ಕೈಯಲ್ಲಿ ಈ ಕಾಗದ, ಟ್ಯಾಬ್, ಬಿಳಿ ಪೆನ್ನು ಎಲ್ಲ ಕಳಿಸುತ್ತಿದ್ದೇನೆ. ತೆಗೆಯಬೇಕು ಅನ್ನಿಸಿದ ದಿನ ತೆಗೆ. ಶಿಲ್ಪ ಸಂಕ್ರಾಂತಿಗೆ ಹೊಸ ಚಿತ್ರಗಳನ್ನು ಎಳೆಯುತ್ತಿದ್ದಾಳಂತೆ, ನಿನ್ನನ್ನು ಕೇಳಿದಳು. ಅವಸರವಿಲ್ಲ ಅಂದಳು. ನನಗೂ ಅವಸರವಿಲ್ಲ. ನೀನು ಅಲ್ಲೇ ಇರಬೇಕು ಅನ್ನಿಸಿದಷ್ಟು ದಿನ ಇರು.

ನಿನ್ನ ಕೈಗೆ ಬಲ ಬರಲಿ, ಕಣ್ಣಿಗೆ ತಂಪು ಬರಲಿ, ಜಟಿಂಗ ರಾಮೇಶ್ವರ ನಿನ್ನನ್ನು ಕಾಯಲಿ. ನಿನ್ನವ್ವನಿಗೆ ನನ್ನ ನಮಸ್ಕಾರ.

ನಿನ್ನ ಅತ್ತೆ,
ತಿಪ್ಪಮ್ಮ

ತಾ.ಕ.: ಕಾಗದ ಮಡಚಿ ಇಟ್ಟಿದ್ದೆ. ಹಾಗೆ ಕಳಿಸಲು ಆಗಲಿಲ್ಲ, ಮತ್ತೆ ಬಿಚ್ಚಿದ್ದೇನೆ.

ಮುಜುಗರ ಅಂತ ಬರೆದದ್ದು ಸುಳ್ಳು. ನಿಮ್ಮ ಮನೆಗೆ ಬಾರದೆ ಹೋದದ್ದು ನಿನ್ನನ್ನು ಎದುರಿಸಲು ಹೆದರಿ. ನಿನ್ನವ್ವನಿಗೆ ಎಲ್ಲ ಗೊತ್ತಿರುತ್ತದೆ, ಜನರ ನಡುವೆ ನನ್ನನ್ನು ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮಂಥ ಅತ್ತೆ ಸಿಕ್ಕಿದ್ದು ನಮ್ಮ ವಾಣಿ ಪುಣ್ಯ" ಅಂದರು. ಆಗ ಗೊತ್ತಾಯಿತು, ನೀನು ಯಾರಿಗೂ ಹೇಳಿಲ್ಲ.

ಆಸ್ಪತ್ರೆಯಲ್ಲಿ ಎರಡನೇ ದಿನ, ಅಶ್ವಥ್ ಔಷಧಿ ತರಲು ಹೋಗಿದ್ದಾಗ, ನಾನು ನಿನ್ನ ಮಂಚದ ಪಕ್ಕ ನಿಂತು ಆಡಿದ ಮಾತನ್ನು ಇಲ್ಲಿ ಬರೆಯುತ್ತೇನೆ. ಆಡಿದವಳು ನಾನೇ ಎಂದು ಒಂದು ಕಡೆ ಬರೆದಿರಲಿ. "ಮೂರು ಹೊತ್ತೂ ಆ ಹಲಗೆ ಮೇಲೆ ಬಗ್ಗಿ ಕೂತು ಬಣ್ಣ ಬಳಿದೆ. ಹೊಟ್ಟೆಯೊಳಗಿದ್ದದ್ದು ಹೆಂಗೆ ನಿಲ್ತದೆ?" ನೀನು ಗೋಡೆಯ ಕಡೆ ತಿರುಗಿದೆ. ಮನೆಗೆ ಬಂದ ದಿನವೇ ಟ್ಯಾಬ್ ಬೀರುವಿನ ಮೇಲೆ ಹೋಯಿತು, ಒಂಬತ್ತನೇ ದಿನ ನೀನು ಹೋದೆ.

ಆಮೇಲೆ ನಾನೊಬ್ಬಳೇ ಹೋಗಿ ಡಾಕ್ಟರಮ್ಮನನ್ನು ಕೇಳಿದೆ. "ಕೂತು ಕೆಲಸ ಮಾಡಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲಮ್ಮ. ಆ ಹುಡುಗಿ ತಪ್ಪು ಏನೂ ಇಲ್ಲ. ಹಂಗಂತ ಯಾರಾದ್ರೂ ಅಂದ್ರಾ ಅವಳಿಗೆ?" ಅಂದರು. ನಾನು "ಇಲ್ಲ" ಅಂದೆ.

ಇವತ್ತು ಬೆಳಿಗ್ಗೆ ಅಶ್ವಥನಿಗೂ ನಿಮ್ಮ ಮಾವನಿಗೂ ಹೇಳಿಬಿಟ್ಟೆ. ಅಶ್ವಥ್ ತಟ್ಟೆ ಬಿಟ್ಟು ಎದ್ದುಹೋದ, ಇನ್ನೂ ಮಾತಾಡಿಲ್ಲ. ನಿನ್ನ ಮೇಲೆ ಹೊರಿಸಿದ್ದ ತಪ್ಪು ಈಗ ನನ್ನ ಮೇಲಿದೆ, ಇರಲಿ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅಶ್ವಥನಿಗಿಂತ ಮುಂಚೆ ನನಗೂ ಒಂದು ಹೋಗಿತ್ತು, ಆರು ತಿಂಗಳಿಗೆ. ಮಗ್ಗದಲ್ಲಿ ಕೂತಿದ್ದಾಗಲೇ ನೋವು ಬಂದದ್ದು. ನನ್ನ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಬೈಯುವ ಹೆಂಗಸು. ಆ ದಿನ ಒಂದು ಮಾತೂ ಆಡಲಿಲ್ಲ. ನೀರು ಕಾಸಿ ನನ್ನ ತಲೆ ತೊಳೆದರು, ಕೂದಲು ಒಣಗುವವರೆಗೂ ಹಿಂದೆ ಕೂತು ಬಾಚಿದರು.

ಆಸ್ಪತ್ರೆಯ ಆ ಕೋಣೆಯಲ್ಲಿ ನನಗೆ ಅದು ನೆನಪಿಗೆ ಬಂದಿತ್ತು ವಾಣಿ. ನೆನಪಿಗೆ ಬಂದ ಮೇಲೂ ಆ ಮಾತು ಆಡಿದೆ.